ಪಕ್ಕದ ಎಲೆಗೆ ಯಾರು?

ತಾಳಗುಂದ, ಬಳ್ಳಿಗಾವಿ, ಶಿರಾಳಕೊಪ್ಪದ ಸುತ್ತಮುತ್ತ ಮದುವೆ ಊಟಕ್ಕೆ ಹೋದವರಿಗೆ ಪಕ್ಕದ ಎಲೆಗೆ ಯಾರು ಬರುತ್ತಾರೆಂದು ಮೊದಲೇ ಗೊತ್ತಿರುವುದಿಲ್ಲ. ಮೊದಲ ಪಂಕ್ತಿ ಎದ್ದ ಕೂಡಲೇ ಎಲೆ ಎತ್ತುತ್ತಾರೆ, ಟೇಬಲ್ಲಿನ ಮೇಲೆ ಹೊಸ ಕಾಗದ ಹಾಸುತ್ತಾರೆ, ಎಲೆಗೆ ನೀರು ಚಿಮುಕಿಸಿ ಒರೆಸುವಷ್ಟರಲ್ಲಿ ಉಪ್ಪು, ಉಪ್ಪಿನಕಾಯಿ, ಕೋಸಂಬರಿ ಬಂದುಬಿಡುತ್ತವೆ. ಜಾಗ ಸಿಕ್ಕ ಕಡೆ ಕೂರಬೇಕು. ಎಡಗಡೆ ಹುಡುಗಿಯ ಸೋದರಮಾವ ಇರಬಹುದು, ಬಲಗಡೆ ಸೊರಬದ ಕಡೆಯ ಅನಾನಸ್ ಬೆಳೆಗಾರ, ಎದುರಿಗೆ ಹಾನಗಲ್ಲಿನಿಂದ ಬಂದ ಮೇಷ್ಟ್ರು. "ಯಾವೂರಾತು ನಿಮ್ದು?" ಎಂದು ಶುರುವಾದ ಮಾತು ಮಜ್ಜಿಗೆ ಬರುವ ಹೊತ್ತಿಗೆ ಶುಂಠಿ ದರ, ಕೆರೆಯ ನೀರು, ಮಗನ ಕೆಲಸ ಎಲ್ಲ ದಾಟಿ ಮಂಡಿನೋವಿನ ಔಷಧಿಗೆ ಬಂದಿರುತ್ತದೆ. ಕೈ ತೊಳೆದ ಮೇಲೆ ಆ ಜನ ಮತ್ತೆ ಸಿಗದೇ ಹೋಗಬಹುದು. ಸಿಕ್ಕರೆ ಮಾತ್ರ "ಅವತ್ತು ಒಂದೇ ಪಂಕ್ತೀಲಿ ಕೂತಿದ್ವಲ್ಲ" ಎನ್ನುವ ಗುರುತು ಸಾಕು, ಮಾತು ಮುಂದುವರಿಯುತ್ತದೆ.

ಇದೇ ಸೀಮೆಯ ಹಿರಿಯರು ಈಗ ಹಡಗಿನ ಪ್ರವಾಸಕ್ಕೂ ಹೋಗುತ್ತಿದ್ದಾರೆ. ಮಗನೋ ಮಗಳೋ ಸಿಯಾಟಲ್ ಕಡೆ ಇದ್ದರೆ ಅಲ್ಲಿಂದ ಅಲಾಸ್ಕಕ್ಕೆ, ಫ್ಲಾರಿಡಾ ಕಡೆ ಇದ್ದರೆ ಕೆರಿಬಿಯನ್ ದ್ವೀಪಗಳಿಗೆ. ಟೂರ್ ಕಂಪನಿಯವರ ಜೊತೆ ಹೊರಟರೆ ಸಿಂಗಪುರದಿಂದ. ಅಷ್ಟು ದೂರ ಬೇಡವೆನ್ನುವವರಿಗೆ 2021ರಿಂದ ಮುಂಬೈಯಿಂದಲೇ ಗೋವಾ, ಕೊಚ್ಚಿ, ಲಕ್ಷದ್ವೀಪದ ಕಡೆಗೆ ಕಾರ್ಡೇಲಿಯಾ ಹಡಗಿದೆ. ವಿದೇಶದ ದೊಡ್ಡ ಹಡಗುಗಳಲ್ಲಿ ಟಿಕೆಟ್ ಮಾಡಿಸುವಾಗ ಒಂದು ಪ್ರಶ್ನೆ ಬರುತ್ತದೆ: ರಾತ್ರಿಯ ಊಟ ಎಷ್ಟು ಹೊತ್ತಿಗೆ, ಎಷ್ಟು ಜನರ ಟೇಬಲ್ಲಿನಲ್ಲಿ? ನಮ್ಮವರಲ್ಲಿ ಹೆಚ್ಚಿನವರು ಯೋಚಿಸದೆ "ನಮಗೆ ಬೇರೆ ಟೇಬಲ್ ಕೊಡಿ" ಎನ್ನುತ್ತಾರೆ. ಮದುವೆಮನೆಯಲ್ಲಿ ಯಾರ ಪಕ್ಕದಲ್ಲಾದರೂ ಎಲೆಯ ಮುಂದೆ ಕೂರುವ ಜನವೇ ಇವರು. ಆ ಉತ್ತರವನ್ನು ಬದಲಿಸಿ ಎಂದು ಕೇಳಿಕೊಳ್ಳುವುದಕ್ಕೇ ಈ ಬರಹ.

ಮೊದಲು ಹಡಗಿನ ಊಟದ ಕ್ರಮ ತಿಳಿದುಕೊಳ್ಳೋಣ. ದೊಡ್ಡ ಹಡಗಿನಲ್ಲಿ ಎರಡು ಮೂರು ಸಾವಿರ ಪ್ರಯಾಣಿಕರಿರುತ್ತಾರೆ, ಈಚಿನ ಕೆಲವು ಹಡಗುಗಳಲ್ಲಿ ಐದು ಸಾವಿರಕ್ಕೂ ಹೆಚ್ಚು. ಅಷ್ಟೂ ಜನರನ್ನು ಒಂದೇ ಸಲ ಕೂರಿಸುವ ಊಟದ ಹಾಲ್ ಕಟ್ಟಲಾಗದು. ಹಾಗಾಗಿ ಅಲ್ಲೂ ಮೊದಲ ಪಂಕ್ತಿ, ಎರಡನೇ ಪಂಕ್ತಿ. ಮೊದಲನೆಯದು ಸಂಜೆ ಐದೂವರೆ, ಆರರ ಸುಮಾರಿಗೆ. ಎರಡನೆಯದು ಎಂಟು, ಎಂಟೂವರೆಗೆ. ಇದರಲ್ಲಿ ಒಂದನ್ನು ಆರಿಸಿಕೊಂಡರೆ ಪ್ರವಾಸ ಮುಗಿಯುವ ತನಕ ಅದೇ ಹೊತ್ತು, ಅದೇ ಟೇಬಲ್, ಅದೇ ಜೊತೆಗಾರರು, ಬಡಿಸುವವರೂ ಅವರೇ. ಟೇಬಲ್ ಇಬ್ಬರದು, ನಾಲ್ವರದು, ಆರು, ಎಂಟು, ಕೆಲವೆಡೆ ಹತ್ತು ಜನರದು. ಇನ್ನೊಂದು ಕ್ರಮ, ಬೇಕಾದ ಹೊತ್ತಿಗೆ ಹೋಗಿ ಕೂರುವುದು. ನಾರ್ವೀಜಿಯನ್ ಕ್ರೂಸ್ ಲೈನ್ 2000ದ ಹೊತ್ತಿಗೆ ಇದನ್ನೇ ತನ್ನ ವಿಶೇಷವೆಂದು ಸಾರಿತು, ಆಮೇಲೆ ಉಳಿದ ಕಂಪನಿಗಳೂ ಒಂದೊಂದು ಹೆಸರಿಟ್ಟು ತಂದವು. ಆಗಲೂ ಬಾಗಿಲಲ್ಲಿ ನಿಂತವರು ಕೇಳುತ್ತಾರೆ: ಬೇರೆಯವರ ಜೊತೆ ಕೂರುತ್ತೀರಾ? ಹೂಂ ಎಂದರೆ ಎಷ್ಟೋ ಸಲ ಬೇಗ ಜಾಗ ಸಿಗುತ್ತದೆ. ಮೇಲಿನ ಅಂತಸ್ತಿನಲ್ಲಿ ಬಫೆ ಇದ್ದೇ ಇರುತ್ತದೆ.

ಹಡಗಿನಲ್ಲಿ ಒಂಟಿ ಟೇಬಲ್ಲಿನ ಆಸೆ ಹಳೆಯದಲ್ಲ. ಹಬೆ ಹಡಗುಗಳ ಕಾಲದಲ್ಲಿ ಊಟದ ಹಾಲಿನ ಉದ್ದಕ್ಕೂ ಉದ್ದನೆಯ ಟೇಬಲ್ಲುಗಳು, ನೆಲಕ್ಕೆ ಬಿಗಿದ ತಿರುಗುವ ಕುರ್ಚಿಗಳು. ಅಲೆ ಜೋರಾದರೆ ತಟ್ಟೆ ಜಾರದಂತೆ ಟೇಬಲ್ಲಿಗೆ ಪಟ್ಟಿ ಸಿಕ್ಕಿಸುತ್ತಿದ್ದರು. ಯಾರ ಪಕ್ಕ ಕೂರಿಸಿದರೋ ಅವರ ಜೊತೆಗೇ ಊಟ. 1905ರಲ್ಲಿ ಹ್ಯಾಂಬರ್ಗ್ ಅಮೆರಿಕ ಕಂಪನಿಯ 'ಅಮೆರಿಕಾ' ಹಡಗಿನಲ್ಲಿ ರಿಟ್ಜ್ ಹೆಸರಿನ ಹೋಟೆಲ್ ತೆರೆದಾಗ, ಹೆಚ್ಚು ಹಣ ಕೊಟ್ಟವರು ತಮಗೆ ಬೇಕಾದ್ದನ್ನು ತಮ್ಮದೇ ಟೇಬಲ್ಲಿಗೆ ತರಿಸಿಕೊಳ್ಳುವ ಸೌಕರ್ಯ ಬಂತು. ಅದಕ್ಕೂ ಮೊದಲಿನಿಂದ ಮೊದಲ ದರ್ಜೆಯವರ ಊಟದ ಹಾಲ್ ಬೇರೆ, ಎರಡನೆಯದು ಬೇರೆ, ಮೂರನೆಯದು ಕೆಳಗೆ. ಪಂಕ್ತಿಭೇದ ನಮ್ಮಲ್ಲಿ ಮಾತ್ರ ಇತ್ತು ಎಂದುಕೊಂಡವರು ಇದನ್ನೂ ನೆನಪಿಡಬೇಕು. ಅವರದು ದುಡ್ಡಿನ ಲೆಕ್ಕ, ನಮ್ಮದು ಹುಟ್ಟಿನ ಲೆಕ್ಕ. ದುಡ್ಡು ಕೂಡಿಸಿದವರು ಮೇಲಿನ ಹಾಲಿಗೆ ಹತ್ತಬಹುದಿತ್ತು.

ಬೇರೆ ಟೇಬಲ್ ಕೇಳುವ ನಮ್ಮವರ ಕಾರಣಗಳು ಕ್ಷುಲ್ಲಕ ಅಲ್ಲ. ಸಸ್ಯಾಹಾರಿಗಳಿಗೆ ಎದುರಿನ ತಟ್ಟೆಯ ಮಾಂಸದ ಅಳುಕು. ಚಾಕು ಫೋರ್ಕು ಹಿಡಿಯುವುದು ಸರಿಯಾಗುತ್ತದೋ ಇಲ್ಲವೋ. ಇಂಗ್ಲಿಷಿನಲ್ಲಿ ಎರಡು ಗಂಟೆ ಏನು ಮಾತಾಡುವುದು. ಇದೇ ಮೂರೂ ಕಾರಣಕ್ಕೆ ಹದಿನೆಂಟು ವರ್ಷದ ಮೋಹನದಾಸ ಗಾಂಧಿ ಕೂಡ ಊಟದ ಟೇಬಲ್ಲಿಗೆ ಹೋಗಲಿಲ್ಲ. 1888ರ ಸೆಪ್ಟೆಂಬರ್ 4ರಂದು ಮುಂಬೈ ಬಿಟ್ಟ 'ಕ್ಲೈಡ್' ಹಡಗಿನಲ್ಲಿ ಅವರು ಮನೆಯಿಂದ ತಂದ ಸಿಹಿತಿಂಡಿ, ಹಣ್ಣುಗಳನ್ನು ತಿನ್ನುತ್ತ ಕೋಣೆಯಲ್ಲೇ ಉಳಿದರು. ಜೊತೆಗಿದ್ದ ಜುನಾಗಢದ ವಕೀಲ ಮಜಮುದಾರರು ಎಲ್ಲರೊಡನೆ ಬೆರೆಯಿರಿ, ಮಾತಾಡಿ ಎಂದು ಹೇಳುತ್ತಲೇ ಇದ್ದರು. ಗಾಂಧೀಜಿ ಇದನ್ನೆಲ್ಲ ಆತ್ಮಕಥೆಯಲ್ಲಿ ಬರೆದುಕೊಂಡಿದ್ದಾರೆ. ಅದಕ್ಕಿಂತ ಗಂಭೀರವಾದದ್ದು ಹಡಗು ಹತ್ತುವ ಮೊದಲೇ ನಡೆದಿತ್ತು. ಮುಂಬೈಯ ಮೋಢ ಬನಿಯಾ ಪಂಚಾಯಿತಿ ಅವರನ್ನು ಕರೆಸಿ, ಇಂಗ್ಲೆಂಡಿಗೆ ಹೋದರೆ ಯುರೋಪಿಯನ್ನರ ಜೊತೆ ಕೂತು ಉಣ್ಣಲೇಬೇಕಾಗುತ್ತದೆ ಎಂದು ತಡೆಯಿತು. ಕೇಳದಿದ್ದಾಗ ಜಾತಿಯಿಂದ ಹೊರಗಿಟ್ಟಿತು. ಬೀಳ್ಕೊಡಲು ಬಂದರಿಗೆ ಹೋದವರಿಗೆ ಒಂದು ರೂಪಾಯಿ ನಾಲ್ಕಾಣೆ ದಂಡ ಎಂದಿತು. ಸಮುದ್ರದ ಭಯಕ್ಕಿಂತ ಪಕ್ಕದಲ್ಲಿ ಕೂರುವವರ ಭಯ ದೊಡ್ಡದಾಗಿತ್ತು.

ಆ ಭಯದ ಬೇರು ನಮ್ಮ ನೆಲದಲ್ಲೂ ಇದೆ, ಅದನ್ನು ಮೀರಿದವರ ಗುರುತೂ ಇದೇ ನೆಲದಲ್ಲಿದೆ. ತಾಳಗುಂದಕ್ಕೆ ಹಳೆಯ ಹೆಸರು ಸ್ಥಾಣಕುಂದೂರು. ಅಲ್ಲಿಯ ಪ್ರಣವೇಶ್ವರ ದೇವಾಲಯದ ಎದುರಿನ ಕಂಬದ ಶಾಸನವನ್ನು ಐದನೆಯ ಶತಮಾನದಲ್ಲಿ ಕದಂಬ ಶಾಂತಿವರ್ಮನ ಕಾಲದಲ್ಲಿ ಕವಿ ಕುಬ್ಜ ರಚಿಸಿದ. ಮಯೂರಶರ್ಮ ತನ್ನ ಗುರು ವೀರಶರ್ಮನ ಜೊತೆ ಓದಲೆಂದು ಪಲ್ಲವರ ಕಂಚಿಯ ಘಟಿಕೆಗೆ ಹೋದನೆಂದು ಅದು ಹೇಳುತ್ತದೆ. ಪರವೂರಿಗೆ ಓದಲು ಹೋದ ಹುಡುಗನಿಗೆ ಅನ್ನ ಹಾಕುವವರು ಅಪರಿಚಿತರೇ. ಸಾವಿರದೈನೂರು ವರ್ಷ ಕಳೆದ ಮೇಲೂ ಮೈಸೂರು, ಶಿವಮೊಗ್ಗಗಳಲ್ಲಿ ಹಳ್ಳಿಯ ಎಷ್ಟೋ ಹುಡುಗರು ವಾರಾನ್ನದ ಮೇಲೆ ಓದಿದರು: ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರದು. ಆ ಉಪಕಾರ ದೊಡ್ಡದು, ಸಂದೇಹವಿಲ್ಲ. ಆದರೆ ಅದು ಹೆಚ್ಚಾಗಿ ಜಾತಿಯ ಒಳಗೇ ಸುತ್ತುತ್ತಿತ್ತು. ಎಲ್ಲರ ಮಕ್ಕಳಿಗೂ ವಾರದ ಏಳು ಮನೆ ಸಿಗುತ್ತಿರಲಿಲ್ಲ.

ತಾಳಗುಂದದಿಂದ ಬಳ್ಳಿಗಾವಿಗೆ ಬೈಕಿನಲ್ಲಿ ಸ್ವಲ್ಪ ಹೊತ್ತಿನ ದಾರಿ. ಹನ್ನೊಂದು, ಹನ್ನೆರಡನೇ ಶತಮಾನದಲ್ಲಿ ಬಳ್ಳಿಗಾವಿ ದೊಡ್ಡ ಪೇಟೆ. ಶೈವ, ವೈಷ್ಣವ, ಜೈನ, ಬೌದ್ಧ ಎಲ್ಲರ ದೇವಾಲಯ, ಮಠಗಳಿದ್ದ ಊರು. ವ್ಯಾಪಾರಿಗಳ ಸಂಘ ಅಲ್ಲಿ ನೆಲೆಯೂರಿತ್ತು. ಅಲ್ಲಿಯ ಕೇದಾರೇಶ್ವರ ದೇವಾಲಯಕ್ಕೆ ಸೇರಿದ ಕೋಡಿಮಠವನ್ನು ಕಾಳಾಮುಖ ಗುರುಗಳು ನಡೆಸುತ್ತಿದ್ದರು. 1162ರಲ್ಲಿ, ಕಲಚುರಿ ಬಿಜ್ಜಳನ ಕಾಲದಲ್ಲಿ ಹಾಕಿಸಿದ ಒಂದು ಶಾಸನ ಆ ಮಠವನ್ನು ವರ್ಣಿಸುತ್ತದೆ. ನಾಲ್ಕು ವೇದ, ವ್ಯಾಕರಣ, ಬೌದ್ಧವೂ ಸೇರಿದಂತೆ ದರ್ಶನಗಳು, ಪುರಾಣ, ಕಾವ್ಯ, ನಾಟಕ, ಇವೆಲ್ಲದರ ಪಾಠ ಅಲ್ಲಿ ನಡೆಯುತ್ತಿತ್ತು ಎಂದು ಹೇಳಿ, ಅಲ್ಲಿ ಊಟ ಯಾರಿಗೆ ಎಂಬ ಪಟ್ಟಿ ಕೊಡುತ್ತದೆ. ಬಡವರು, ದಿಕ್ಕಿಲ್ಲದವರು, ಕುಂಟರು, ಕುರುಡರು, ಕಿವುಡರು. ಹಾಡುವವರು, ವಾದ್ಯ ನುಡಿಸುವವರು, ಕುಣಿಯುವವರು, ಹೊಗಳುಭಟರು. ಮೈಮೇಲೆ ಬಟ್ಟೆಯಿಲ್ಲದವರು, ಗಾಯಗೊಂಡವರು. ಜೈನ ಕ್ಷಪಣಕರು, ಏಕದಂಡಿಗಳು, ತ್ರಿದಂಡಿಗಳು, ಹಂಸರು, ಪರಮಹಂಸರು, ನಾನಾ ದೇಶಗಳಿಂದ ಬಂದ ಭಿಕ್ಷುಕರು. ದಿಕ್ಕಿಲ್ಲದ ರೋಗಿಗಳನ್ನು ಇರಿಸಿಕೊಂಡು ಮದ್ದು ಕೊಡುವುದೂ ಅಲ್ಲೇ.

ಈ ಪಟ್ಟಿಯನ್ನು ನಿಧಾನವಾಗಿ ಓದಬೇಕು. ಇದು ಬರೀ ದಾನದ ಹೊಗಳಿಕೆಯಾಗಿದ್ದರೆ 'ಬಡವರಿಗೆ ಅನ್ನ' ಎಂದು ಎರಡು ಮಾತಿನಲ್ಲಿ ಮುಗಿಸಬಹುದಿತ್ತು. ಬರೆಸಿದವರು ಹಾಗೆ ಮಾಡಲಿಲ್ಲ. ಬಂದವರನ್ನು ಒಬ್ಬೊಬ್ಬರಾಗಿ ಕರೆದರು. ಶೈವ ಮಠದವರು ತಮ್ಮ ಮತದ ಎದುರಾಳಿಗಳಾದ ಕ್ಷಪಣಕರನ್ನೂ ಕರೆದರು. ಇಡೀ ಸಾಲಿನಲ್ಲಿ ಊರಿನ ನೆಂಟರಿಲ್ಲ, ಧನಿಕರಿಲ್ಲ, ಯಾರಿಗೂ ಯಾರ ಗುರುತೂ ಇರಬೇಕಾಗಿಲ್ಲ. ಅವರೆಲ್ಲ ಒಂದೇ ಸಾಲಿನಲ್ಲಿ ಕೂತರೋ, ಬೇರೆ ಬೇರೆ ಮೂಲೆಯಲ್ಲಿ ಉಂಡರೋ ಎಂಬ ವಿವರಕ್ಕೆ ಶಾಸನ ಹೋಗುವುದಿಲ್ಲ. ಒಂದೇ ಅಡುಗೆಮನೆಯ ಅನ್ನ ಅಷ್ಟೂ ಜನರಿಗೆ ಹೋಗುತ್ತಿತ್ತು ಎಂಬುದನ್ನು ಮಾತ್ರ ಕಲ್ಲಿನಲ್ಲಿ ಕೆತ್ತುವಷ್ಟು ಹೆಮ್ಮೆಯಿಂದ ಹೇಳುತ್ತದೆ. ಒಂದೇ ಸಾಲಿನ ಪ್ರಶ್ನೆಯನ್ನು ನೇರವಾಗಿ ಎತ್ತಿಕೊಂಡವರು ಅದೇ ಬಿಜ್ಜಳನ ರಾಜ್ಯದಲ್ಲಿ, ಅದೇ ಕಾಲದಲ್ಲಿ, ಕಲ್ಯಾಣದ ಶರಣರು. ಅವರ ನಡುವೆ ಶೂನ್ಯಪೀಠದಲ್ಲಿ ಕೂತ ಅಲ್ಲಮಪ್ರಭು ಇದೇ ಬಳ್ಳಿಗಾವಿಯವನು, ಅಕ್ಕಮಹಾದೇವಿ ಇದೇ ಶಿಕಾರಿಪುರ ತಾಲ್ಲೂಕಿನ ಉಡುತಡಿಯವಳು ಎನ್ನುವುದು ನಮ್ಮ ಸೀಮೆಗೆ ದೊರೆತ ಭಾಗ್ಯ. ದಾಸೋಹದಲ್ಲಿ ಜೊತೆಗೆ ಕೂತು ಉಣ್ಣುವುದು ಅವರಿಗೆ ಧರ್ಮದ ನಡುಮನೆಯ ಕೆಲಸವಾಗಿತ್ತು.

ಆಮೇಲಿನ ಚರಿತ್ರೆ ಹಿತವಾದದ್ದಲ್ಲ. ಪಂಕ್ತಿ ಎಂಬುದು ಜನರನ್ನು ಕೂಡಿಸುವಷ್ಟೇ ಬಲವಾಗಿ ಹೊರಗಿಡುತ್ತಲೂ ಬಂತು. ಹಳ್ಳಿಯ ಮದುವೆಯಲ್ಲಿ ಎಲ್ಲರೂ ಉಂಡ ಮೇಲೆ ಅಂಗಳದ ಆಚೆ ಕೂರಬೇಕಾಗಿದ್ದವರಿದ್ದರು. ಹೋಟೆಲಿನ ಒಳಗೆ ಕೂರುವ ಕೋಣೆಗಳೇ ಬೇರೆ ಬೇರೆ ಇದ್ದವು. ಚಹಾದ ಅಂಗಡಿಯಲ್ಲಿ ಕೆಲವರಿಗೆ ಬೇರೆ ಲೋಟ ಇತ್ತು. ರೈಲು ನಿಲ್ದಾಣದಲ್ಲಿ ಹಿಂದೂಗಳ ನೀರು, ಮುಸ್ಲಿಮರ ನೀರು ಎಂದು ಕೂಗುತ್ತಿದ್ದ ಕಾಲ ಅದು. ಕೇರಳದ ಚೆರಾಯಿಯಲ್ಲಿ 1917ರಲ್ಲಿ ಅಯ್ಯಪ್ಪನ್ ಎಂಬ ಈಳವ ಯುವಕ ಅಸ್ಪೃಶ್ಯರೆಂದು ದೂರವಿಟ್ಟಿದ್ದ ಪುಲಯರ ಜೊತೆ ಎಲ್ಲರನ್ನೂ ಕೂರಿಸಿ ಊಟ ಹಾಕಿದಾಗ ಅವರದೇ ಜಾತಿಯವರು ತಿರುಗಿಬಿದ್ದು 'ಪುಲಯನ್ ಅಯ್ಯಪ್ಪನ್' ಎಂದು ಹಂಗಿಸಿದರು. ಅಯ್ಯಪ್ಪನ್ ಅದನ್ನು ಗೌರವವೆಂದೇ ತೆಗೆದುಕೊಂಡರು. ಉಡುಪಿಯ ಮಠದ ಪಂಕ್ತಿಭೇದದ ಬಗ್ಗೆ ನಮ್ಮ ರಾಜ್ಯದಲ್ಲಿ ನಡೆದ ಪ್ರತಿಭಟನೆ, ಚರ್ಚೆಗಳು ಈಚಿನವೇ.

ಹೀಗಾಗಿ ಸಂವಿಧಾನದ 15ನೇ ವಿಧಿ ಹೋಟೆಲುಗಳನ್ನು ಹೆಸರಿಟ್ಟು ಹೇಳಬೇಕಾಯಿತು: ಧರ್ಮ, ಜಾತಿ, ಲಿಂಗ, ಹುಟ್ಟಿದ ಊರು ನೋಡಿ ಯಾರನ್ನೂ ಅಂಗಡಿ, ಸಾರ್ವಜನಿಕ ಊಟದ ಮನೆ, ಹೋಟೆಲುಗಳಿಂದ ತಡೆಯುವಂತಿಲ್ಲ. ಅಸ್ಪೃಶ್ಯತೆಯನ್ನು ಅಪರಾಧವೆಂದು ಶಿಕ್ಷಿಸುವ ಕಾಯ್ದೆ 1955ರಲ್ಲಿ ಬಂತು. ಬೆಂಗಳೂರಿನ ಲಾಲ್‌ಬಾಗ್ ರಸ್ತೆಯಲ್ಲಿರುವ, 1924ರಲ್ಲಿ ಶುರುವಾದ ಎಂ.ಟಿ.ಆರ್., ಗಾಂಧಿಬಜಾರಿನಲ್ಲಿ 1943ರ ವಿದ್ಯಾರ್ಥಿ ಭವನ, ಇವುಗಳಿಗೆ ಭಾನುವಾರ ಬೆಳಿಗ್ಗೆ ಹೋಗಿ ನೋಡಿ. ಕಾದು ಕಾದು ಒಳಗೆ ಹೋದ ಇಬ್ಬರಿಗೆ ನಾಲ್ವರ ಟೇಬಲ್ ಸಿಕ್ಕರೆ, ಎದುರಿನ ಎರಡು ಕುರ್ಚಿಗೆ ಬೇರೆ ಯಾರೋ ಬಂದು ಕೂರುತ್ತಾರೆ. ಯಾರೂ ಯಾರ ಜಾತಿ ಕೇಳುವುದಿಲ್ಲ. ಮಸಾಲೆದೋಸೆ ಬರುವ ತನಕ ಚಟ್ನಿಯ ಬಗ್ಗೆ ಎರಡು ಮಾತು. ನನಗೆ ಇದು ಬೆಂಗಳೂರಿನ ದೊಡ್ಡ ಸಾಧನೆಗಳಲ್ಲಿ ಒಂದೆಂದು ಅನ್ನಿಸುತ್ತದೆ.

ಬೀದರಿನ ಗುರುನಾನಕ ಝೀರಾದ ಲಂಗರ್‌ನಲ್ಲಿ ನೆಲದ ಮೇಲೆ ಸಾಲಾಗಿ ಕೂರಿಸುವಾಗ, ಧರ್ಮಸ್ಥಳದ ಅನ್ನಪೂರ್ಣದಲ್ಲಿ ಎಲ್ಲ ಊರಿನವರೂ ಒಂದೇ ಸಾಲಿಗೆ ನುಗ್ಗುವಾಗ, ಸಿದ್ಧಗಂಗೆಯಲ್ಲಿ ಸಾವಿರಾರು ಹುಡುಗರು ಒಟ್ಟಿಗೆ ಉಣ್ಣುವಾಗ, ಗುರುತಿಲ್ಲದವರನ್ನು ಪಕ್ಕದಲ್ಲಿ ಕೂರಿಸುವ ಇದೇ ಕೆಲಸ ನಡೆಯುತ್ತಿದೆ. ಬೊಹ್ರಾ ಮುಸ್ಲಿಮರು ಒಂದೇ ದೊಡ್ಡ ತಾಟಿನ ಸುತ್ತ ಏಳೆಂಟು ಜನ ಕೂತು, ಉಪ್ಪು ನಾಲಿಗೆಗೆ ಮುಟ್ಟಿಸಿ ಊಟ ಶುರುಮಾಡುತ್ತಾರೆ. ಅವರಲ್ಲಿ ತಟ್ಟೆಯೇ ಒಂದು. 2002ರಲ್ಲಿ ಕರ್ನಾಟಕದ ಈಶಾನ್ಯ ಜಿಲ್ಲೆಗಳಿಂದ ಶುರುವಾಗಿ ಆಮೇಲೆ ರಾಜ್ಯಕ್ಕೆಲ್ಲ ಹಬ್ಬಿದ, ಅಕ್ಷರ ದಾಸೋಹವೆಂಬ ಶಾಲೆಯ ಬಿಸಿಯೂಟ ಇವೆಲ್ಲಕ್ಕಿಂತ ದೊಡ್ಡ ಪಂಕ್ತಿ. ತಾಳಗುಂದದ ಶಾಲೆಯ ಮಗುವೂ ಅದರಲ್ಲಿದೆ. ಅಡುಗೆ ಮಾಡಿದವರ ಜಾತಿ ನೋಡಿ ಮಕ್ಕಳನ್ನು ಊಟಕ್ಕೆ ಬಿಡದ ಸುದ್ದಿ ಈಗಲೂ ಅಲ್ಲಿ ಇಲ್ಲಿ ಬರುತ್ತದೆ, ಓದಿದಾಗ ಹೊಟ್ಟೆ ತೊಳಸುತ್ತದೆ. ಆದರೂ ದಿನವೂ ಲಕ್ಷಾಂತರ ಮಕ್ಕಳು ಪಕ್ಕದ ತಟ್ಟೆ ಯಾರದೆಂದು ಕೇಳದೆ ಉಂಡು ಏಳುತ್ತಿದ್ದಾರೆ.

ಹಡಗಿನ ಟೇಬಲ್ಲಿಗೆ ಬರೋಣ. ಅಲಾಸ್ಕದ ದಾರಿಯಲ್ಲಿ ನಾನು ಎಂಟು ಜನರ ಟೇಬಲ್ಲಿನಲ್ಲಿ ಉಂಡಿದ್ದೇನೆ. ಎದುರಿಗೆ ಕೂತವರು ಕೆನಡಾದ ಸಸ್ಕ್ಯಾಚುವಾನ್ ಪ್ರಾಂತ್ಯದ ರೈತ ದಂಪತಿ. ನನ್ನ ತಟ್ಟೆಗೆ ಬಂದ ಬೇಳೆಯ ಪಲ್ಯ ನೋಡಿ ಆ ತಾಯಿ "ಇದು ನಮ್ಮ ಕಡೆಯದೇ ಇರಬೇಕು" ಎಂದರು. ಅವರು ಬೆಳೆಯುವುದು ಮಸೂರ ಬೇಳೆ. ಭಾರತ ಹೊರಗಿನಿಂದ ತರಿಸುವ ಮಸೂರದಲ್ಲಿ ದೊಡ್ಡ ಪಾಲು ಅವರ ಸೀಮೆಯದು. 2017ರ ಡಿಸೆಂಬರಿನಲ್ಲಿ ನಮ್ಮ ಸರ್ಕಾರ ಮಸೂರಕ್ಕೆ ಶೇಕಡ 30ರ ಸುಂಕ ಹಾಕಿತು. ಇಲ್ಲಿಯ ರೈತನಿಗೆ ಬೆಲೆ ಸಿಗಲಿ ಎಂದು ಹಾಕಿದ ಸುಂಕ ಅದು, ನಾನು ಪತ್ರಿಕೆಯಲ್ಲಿ ಓದಿ ಒಪ್ಪಿದ್ದೆ. ಅದರ ಆಚೆ ತುದಿಯಲ್ಲಿ ಮಾರಾಟವಾಗದ ಕಾಳನ್ನು ಕಣಜದಲ್ಲಿಟ್ಟುಕೊಂಡು ಕೂತ ಮನೆಯವರು ಈಗ ಎದುರಿಗೆ ರೊಟ್ಟಿ ಮುರಿಯುತ್ತಿದ್ದರು. ಸಿಟ್ಟಿಲ್ಲದೆ, ಮಳೆಯ ಬಗ್ಗೆ ಹೇಳುವಂತೆ ಹೇಳಿದರು. ನಾನು ನಮ್ಮ ಕಡೆ ಶುಂಠಿ ದರ ಏರಿ ಇಳಿಯುವುದನ್ನು ಹೇಳಿದೆ, ಅಡಿಕೆಗೆ ಆಮದಿನ ಭಯ ಇರುವುದನ್ನು ಹೇಳಿದೆ. ಯಜಮಾನರು ಕರವಸ್ತ್ರದ ಮೇಲೆ ಪೆನ್ನಿನಿಂದ ಕಾಳಿನ ಲೆಕ್ಕ ಬರೆದು ತೋರಿಸಿದರು. ಇಬ್ಬರ ಟೇಬಲ್ಲಿನಲ್ಲಿ ಕೂತಿದ್ದರೆ ಇದು ಯಾವುದೂ ಆಗುತ್ತಿರಲಿಲ್ಲ.

ಎಲ್ಲ ಟೇಬಲ್ಲೂ ಹೀಗೆ ಒದಗುವುದಿಲ್ಲ ಎಂಬುದೂ ನಿಜ. ಕುಡಿದು ಜೋರುಮಾಡುವವರು, ತಮ್ಮ ಮಾತಷ್ಟೇ ಆಡುವವರು ಅಲ್ಲೂ ಇರುತ್ತಾರೆ. ಹಾಗಾದರೆ ಮೊದಲ ರಾತ್ರಿಯೇ ಊಟದ ಹಾಲಿನ ಮೇಲ್ವಿಚಾರಕರ ಹತ್ತಿರ ಮೆಲ್ಲಗೆ ಹೇಳಿ, ಬೇರೆ ಕಡೆ ಕೂರಿಸುತ್ತಾರೆ. ಯಾರೂ ತಪ್ಪು ತಿಳಿಯುವುದಿಲ್ಲ, ಅದು ಅವರಿಗೆ ದಿನದ ಕೆಲಸ. ಸಸ್ಯಾಹಾರ, ಜೈನ ಊಟ, ಮೊಟ್ಟೆ ಬೇಡ ಎಂಬುದನ್ನು ಟಿಕೆಟ್ ಮಾಡಿಸುವಾಗಲೇ ಬರೆಸಿ; ಹಡಗು ಹತ್ತಿದ ಮೇಲೆ ಬಡಿಸುವವರಿಗೆ ಇನ್ನೊಮ್ಮೆ ಹೇಳಿ. ಎಷ್ಟೋ ಹಡಗುಗಳಲ್ಲಿ ಅಡುಗೆಮನೆಯಲ್ಲೂ ಹಾಲಿನಲ್ಲೂ ಗೋವಾ, ಮಂಗಳೂರು ಕಡೆಯ ಹುಡುಗರು ಇರುತ್ತಾರೆ. ಕೇಳಿದರೆ ಒಂದು ಬೇಳೆಸಾರು, ಅನ್ನ ಹುಟ್ಟಿಕೊಳ್ಳುವುದು ಕಷ್ಟವಲ್ಲ. ಹೊತ್ತಿನ ವಿಷಯಕ್ಕೆ ಬಂದರೆ, ಸಂಜೆ ಐದೂವರೆ ನಮ್ಮವರಿಗೆ ಕಾಫಿಯ ಹೊತ್ತು. ಎಂಟರ ಪಂಕ್ತಿಯನ್ನೇ ಆರಿಸಿಕೊಳ್ಳಿ. ಚಿಕ್ಕ ಮಕ್ಕಳಿರುವವರು, ಬೇಗ ಮಲಗುವ ವಯಸ್ಸಾದವರು ಮಾತ್ರ ಮೊದಲನೆಯದಕ್ಕೆ ಹೋಗಲಿ. ಟೇಬಲ್ ಎಂಟು ಜನರದು ಇರಲಿ. ನಾಲ್ಕು ಜನರದಾದರೆ ಎದುರಿನ ಇಬ್ಬರ ಜೊತೆ ಹೊಂದದಿದ್ದರೆ ದಾರಿಯಿಲ್ಲ, ಎಂಟರಲ್ಲಿ ಯಾರಾದರೊಬ್ಬರು ಒದಗಿಯೇ ಒದಗುತ್ತಾರೆ. ಗಂಡ ಹೆಂಡತಿ ಎದುರುಬದುರು ಕೂರಿ. ಅಕ್ಕಪಕ್ಕ ಕೂತರೆ ತಮ್ಮತಮ್ಮಲ್ಲೇ ಮಾತು ಉಳಿದುಬಿಡುತ್ತದೆ.

ಯಾವ ಊರು ಎಂದು ಅವರು ಕೇಳುತ್ತಾರೆ. ಬೆಂಗಳೂರು ಎಂದು ಹೇಳಿ ಸುಮ್ಮನಾಗಬೇಡಿ. ತಾಳಗುಂದದ ಕಡೆಯವರು ಎನ್ನಿ. ಓದಲು ಕಂಚಿಗೆ ಹೋದ ಒಬ್ಬ ಹುಡುಗ ಅಲ್ಲಿ ಪಲ್ಲವರ ಕುದುರೆ ಸವಾರನೊಬ್ಬನ ಜೊತೆ ಜಗಳವಾಗಿ, ಅವಮಾನ ತಡೆಯಲಾರದೆ, ದರ್ಭೆ ಸಮಿತ್ತು ಹಿಡಿದ ಕೈಯಲ್ಲಿ ಕತ್ತಿ ಹಿಡಿದು, ಕಾಡು ಸೇರಿ ದಂಡು ಕಟ್ಟಿ, ಕೊನೆಗೆ ಆ ಪಲ್ಲವರಿಂದಲೇ ರಾಜನೆನ್ನಿಸಿಕೊಂಡ ಕಥೆಯನ್ನು ಗೊತ್ತಿರುವ ಇಂಗ್ಲಿಷಿನಲ್ಲಿ ಹೇಳಿ. ಕಥೆ ಮುಗಿಯುವಷ್ಟರಲ್ಲಿ ಐಸ್‌ಕ್ರೀಂ ಬಂದಿರುತ್ತದೆ. ಆಮೇಲೆ ಅವರ ಊರಿನದನ್ನು ಕೇಳಿ.